ಫಿಟ್ಟರ್ ಕಾಕಾ ಮತ್ತು ಪೈಪಿಗೆ ಬಿದ್ದ ಬಸವನಹುಳು

ಸತ್ತ ಬಸವನಹುಳುವಿನ ವಾಸನೆ ಎಂಥದು ಎಂಬುದು ಅದನ್ನು ಪೈಪಿನೊಳಗೆ ಬೆರಳು ಹಾಕಿ ತೆಗೆದವರಿಗೆ ಮಾತ್ರ ಗೊತ್ತು. ಹೊಲದ ಬದುವಿನ ಮೇಲೆ ಮಳೆಗಾಲದಲ್ಲಿ ಕಾಣುವ ಹುಳುವಿನ ಮಾತಲ್ಲ ಇದು. ಸಮುದ್ರದ ಹುಳು, ಉಪ್ಪುನೀರಿನದು. ಸತ್ತು ಎರಡು ದಿನ ಪೈಪಿನ ತಿರುವಿನಲ್ಲಿ ಸಿಕ್ಕಿಕೊಂಡಿತೆಂದರೆ ಮುಗಿಯಿತು, ಮೂರು ಸಲ ಸೋಪು ಹಚ್ಚಿ ತೊಳೆದರೂ ಬೆರಳಿನಿಂದ ಆ ವಾಸನೆ ಹೋಗುವುದಿಲ್ಲ. ಹೋದ ಸೋಮವಾರ ಬೆಳಿಗ್ಗೆ ಆಸ್ಪತ್ರೆಯ ಬಾಗಿಲು ತೆಗೆದು ಒಳಗೆ ಕಾಲಿಟ್ಟೆನೋ ಇಲ್ಲವೋ, ಮೂಗಿಗೆ ಬಡಿಯಿತು. ಶನಿವಾರ ಅವಸರದಲ್ಲಿ ಪೈಪಿನ ಬಾಯಿಗೆ ಹಾಕುವ ತೂತಿನ ಮುಚ್ಚಳವನ್ನು ನಾನು ಸರಿಯಾಗಿ ಕೂರಿಸಿರಲಿಲ್ಲ. ಸೆರಗು ಸೊಂಟಕ್ಕೆ ಸಿಗಿಸಿ, ಮೀನಿನ ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ತಲೆ ತೂರಿಸಿ ಪೈಪು ಬಿಚ್ಚಿದೆ. ಎರಡು ಹುಳು ಸಿಕ್ಕವು. ಒಂದು ಬದುಕಿತ್ತು. ಇನ್ನೊಂದು... ಆ ವಾಸನೆಯ ಜೊತೆಗೇ ಫಿಟ್ಟರ್ ಕಾಕಾ ನೆನಪಾದರು.

ನಾನು ಸೇಡಂನ ಒಂದು ಮಕ್ಕಳ ಆಸ್ಪತ್ರೆಯಲ್ಲಿ ಲ್ಯಾಬ್ ನೋಡಿಕೊಳ್ಳುವವಳು. ರಕ್ತ, ಮೂತ್ರ, ಕಫ ನನ್ನ ಕೆಲಸ. ಮೀನು ನನ್ನ ಕೆಲಸವಲ್ಲ, ಹುಳು ಅಂತೂ ಅಲ್ಲವೇ ಅಲ್ಲ. ಆದರೆ ಹತ್ತು ವರ್ಷದ ಹಿಂದೆ ನಮ್ಮ ಡಾಕ್ಟರ್ ಸಾಹೇಬರು ಹೈದರಾಬಾದಿನಲ್ಲಿ ಗೆಳೆಯರ ಆಸ್ಪತ್ರೆ ನೋಡಿಕೊಂಡು ಬಂದರು. ಅಲ್ಲಿ ಉಪ್ಪುನೀರಿನ ಮೀನಿನ ತೊಟ್ಟಿ ಇತ್ತಂತೆ. ಅಳುವ ಮಕ್ಕಳು ಅದನ್ನು ನೋಡಿ ಗಪ್ಪಾಗುತ್ತಿದ್ದರಂತೆ. ಮೂರು ವಾರ ಬಿಟ್ಟು ನಾಲ್ಕಡಿ ಉದ್ದದ ಗಾಜಿನ ತೊಟ್ಟಿಯೊಂದು ಲಾರಿಯಲ್ಲಿ ಬಂದಿಳಿಯಿತು. ಸೇಡಂನಿಂದ ಸಮುದ್ರ ಯಾವ ದಿಕ್ಕಿಗೆ ಹೋದರೂ ಒಂದು ರಾತ್ರಿಯ ಪ್ರಯಾಣ. ಅದನ್ನೇ ನಾನು ಹೇಳಿದ್ದಕ್ಕೆ ಸಾಹೇಬರು ನಕ್ಕು, "ನೀವು ಝುವಾಲಜಿ ಓದೀರಲ್ಲ, ನೀವೇ ನೋಡ್ಕೊಳ್ರಿ" ಎಂದರು. ಬಿ.ಎಸ್‌ಸಿ.ಯಲ್ಲಿ ಒಂದು ಜಿರಲೆ, ಒಂದು ಕಪ್ಪೆ ಕೊಯ್ದ ತಪ್ಪಿಗೆ ನನ್ನ ಕೊರಳಿಗೆ ಅರಬ್ಬೀ ಸಮುದ್ರ ಬಿತ್ತು.

ಈ ತೊಟ್ಟಿಯ ವ್ಯವಸ್ಥೆಯನ್ನು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ನನ್ನ ಸಿಟ್ಟು ಯಾರಿಗೂ ಅರ್ಥವಾಗುವುದಿಲ್ಲ. ಮೇಲೆ ಗಾಜಿನ ತೊಟ್ಟಿ, ಕೆಳಗಿನ ಕಪಾಟಿನಲ್ಲಿ ಇನ್ನೊಂದು ಚಿಕ್ಕ ತೊಟ್ಟಿ. ಮೇಲಿನ ತೊಟ್ಟಿಯ ಒಂದು ಮೂಲೆಯಲ್ಲಿ ಬಾಚಣಿಕೆಯ ಹಲ್ಲಿನ ಅಂಚು ಇರುವ ಒಂದು ಡಬ್ಬಿ. ನೀರು ಆ ಅಂಚು ದಾಟಿ ಡಬ್ಬಿಗೆ ಬಿದ್ದು, ಪೈಪಿನಲ್ಲಿ ಕೆಳಗಿಳಿದು, ಸೋಸಿಕೊಂಡು, ಪಂಪಿನಿಂದ ಮತ್ತೆ ಮೇಲೆ ಹೋಗಬೇಕು. ಇಷ್ಟೇ. ಗಾಜಿಗೆ ಹತ್ತುವ ಪಾಚಿ ತಿನ್ನಲಿ ಎಂದು ಹುಳುಗಳನ್ನು ಬಿಡುತ್ತಾರೆ. ತೊಟ್ಟಿಯ ತುಂಬ ಪಾಚಿ ಇದೆ, ತಿಂದುಕೊಂಡು ಬಿದ್ದಿರಬಹುದು. ಇಲ್ಲ! ಅವಕ್ಕೆ ಆ ಮೂಲೆಯ ಡಬ್ಬಿಯೇ ಬೇಕು. ಅಂಚು ಹತ್ತಿ, ಹಲ್ಲಿನ ಸಂದಿಯಲ್ಲಿ ಮೈ ತೂರಿಸಿ, ದೊಪ್ಪನೆ ಪೈಪಿಗೆ ಬೀಳಬೇಕು. ಪೈಪು ಕಟ್ಟಿಕೊಳ್ಳುತ್ತದೆ, ಕೆಳಗಿನ ಪಂಪು ಮಾತ್ರ ಏನೂ ಗೊತ್ತಿಲ್ಲದೆ ನೀರು ಮೇಲೆ ಕಳಿಸುತ್ತಲೇ ಇರುತ್ತದೆ. ನೀರು ಗಾಜಿನ ಮೇಲಿಂದ ಉಕ್ಕಿ ನೆಲಕ್ಕೆ ಬರುತ್ತದೆ. ನೆಲವೋ, ಸಾಹೇಬರು ಶಹಾಬಾದಿಗೆ ತಾವೇ ಹೋಗಿ ಆರಿಸಿ ತಂದು ಹಾಸಿದ ಫರಸಿ ಕಲ್ಲು. ಉಪ್ಪುನೀರು ಕುಡಿದ ಫರಸಿ ಒಣಗಿದ ಮೇಲೆ ಬಿಳಿ ಬೂದಿ ಬಿಟ್ಟುಕೊಳ್ಳುತ್ತದೆ, ಎಷ್ಟು ಒರೆಸಿದರೂ ಮರುದಿನ ಮತ್ತೆ ಅಷ್ಟೇ ಬಿಳಿ.

ದಿನಾ ಉಪ್ಪಿನಂಶ ನೋಡುವುದು, ಆರಿಹೋದಷ್ಟು ಶುದ್ಧ ನೀರನ್ನು ಡ್ರಮ್ಮಿನಿಂದ ತುಂಬಿ ಸರಿದೂಗಿಸುವುದು, ಗಾಜು ಒರೆಸುವುದು, ವಾರಕ್ಕೊಮ್ಮೆ ಉಪ್ಪು ಕಲಸಿ ನೀರು ಬದಲಾಯಿಸುವುದು, ಇದೆಲ್ಲ ನನ್ನ ಪಾಲಿಗೆ. ಪೈಪಿನ ಕೆಲಸಕ್ಕೆ ಸಾಹೇಬರು ಕರೆಸಿದ್ದು ಫಿಟ್ಟರ್ ಕಾಕಾ ಅವರನ್ನು.

ಕಾಕಾ ವಾಡಿಯವರು. ಕಲ್ಲುಗಣಿಗಳಲ್ಲಿ ತುಂಬಿದ ನೀರನ್ನು ಹೊರಗೆ ಹಾಕುವ ದೊಡ್ಡ ಪಂಪುಗಳ ಪೈಪು ಜೋಡಿಸುತ್ತ ಜೀವನ ಕಳೆದವರು. ವಯಸ್ಸಾದ ಮೇಲೆ ಗಣಿ ಬಿಟ್ಟು ಮನೆ, ಅಂಗಡಿ, ದವಾಖಾನೆಗಳ ನಳದ ಕೆಲಸ ಹಿಡಿದಿದ್ದರು. ಪ್ಯಾಸೆಂಜರ್ ಗಾಡಿಯಲ್ಲಿ ಬಂದು ಸೇಡಂ ಸ್ಟೇಷನ್ನಿನಿಂದ ನಡೆದೇ ಬರುತ್ತಿದ್ದರು. ಖಾಕಿ ಚೀಲ, ಒಂದು ಕಡೆ ದಾರ ಕಟ್ಟಿದ ಕನ್ನಡಕ, ಗಾಡಿ ತಡವಾದ ದಿನ ಮುಖದ ಮೇಲೆ ಗಾಡಿಯ ಬಗ್ಗೆ ಸಿಟ್ಟು. ಪೈಪಿನ ವಿಷಯದಲ್ಲಿ ಅವರಿಗೆ ಒಂದೇ ನಂಬಿಕೆ. ಒಮ್ಮೆ ಹಾಕಿದ ಜೋಡಣೆಯನ್ನು ಅವರ ಮೊಮ್ಮಕ್ಕಳ ಕಾಲಕ್ಕೂ ಬಿಚ್ಚುವ ಪ್ರಸಂಗ ಬರಬಾರದು.

ಮೊದಲ ಜಗಳ ಅಲ್ಲಿಂದಲೇ. ಮೇಲಿನಿಂದ ಕೆಳಗಿನವರೆಗೆ ಪೂರ್ತಿ ಪೈಪಿಗೆ ಸಲ್ಯೂಷನ್ ಹಚ್ಚಿ ಅಂಟಿಸಿಬಿಟ್ಟರು. ಎಂಟನೇ ದಿನಕ್ಕೆ ಹುಳು ಬಿತ್ತು, ನೀರು ಉಕ್ಕಿತು. ಬಿಚ್ಚಬೇಕೆಂದರೆ ಬಿಚ್ಚಲು ಏನಿದೆ? ಗರಗಸದ ಬ್ಲೇಡಿನಿಂದ ಪೈಪು ಕೊಯ್ದೇ ಹುಳು ತೆಗೆಯಬೇಕಾಯಿತು. ನಡುವೆ ಕೈಯಿಂದ ತಿರುವಿ ಬಿಚ್ಚುವ ಯೂನಿಯನ್ ಎಂಬ ಜೋಡಣೆ ಹಾಕಿ ಎಂದು ನಾನು ಮೊದಲೇ ಹೇಳಿದ್ದೆ. ಈಗ ಹಾಕಿದರು, ಆದರೆ ನಟ್ಟು ತಿರುವುವ ಪಾನಾ ಹಿಡಿದು ಅದನ್ನು ಎಷ್ಟು ಬಿಗಿದರೆಂದರೆ ನಾನು ಎರಡು ಕಾಲು ಗೋಡೆಗೆ ಕೊಟ್ಟು ತಿರುವಿದರೂ ಜಗ್ಗಲಿಲ್ಲ.

"ಕೈಯಿಂದ ಎಷ್ಟು ಬರ್ತದೋ ಅಷ್ಟೇ ಬಿಗಿ ಮಾಡ್ರಿ ಕಾಕಾ" ಎಂದೆ.

"ಕೈಲೆ ಬಿಗಿ ಮಾಡಿದ್ರ ಅದು ಬಾಟ್ಲಿ ಮುಚ್ಚಳ ಆಗ್ತದ್ರಿ ತಾಯಿ, ನಳ ಆಗಂಗಿಲ್ಲ" ಎಂದರು ಕಾಕಾ, ಬಹಳ ಬೇಸರದಿಂದ, ನನಗೆ ಇಷ್ಟೂ ತಿಳಿಯುವುದಿಲ್ಲವಲ್ಲ ಎಂಬಂತೆ.

ಪ್ರತಿ ಸಲ ಬಂದಾಗ ಹೀಗೇ. ನಾನು ಸಡಿಲ ಮಾಡಿಟ್ಟದ್ದನ್ನು ಅವರು ಹೋಗುವ ಮೊದಲು ನನ್ನ ಕಣ್ಣು ತಪ್ಪಿಸಿ ಬಿಗಿದು ಹೋಗುತ್ತಿದ್ದರು. ಗಾಡಿ ಹತ್ತಿದ ಮೇಲೆ ನನಗೆ ಗೊತ್ತಾಗುತ್ತಿತ್ತು. ಫೋನು ಮಾಡಿ ಬೈದರೆ, ಗಾಡಿಯ ಸದ್ದಿನಲ್ಲಿ ಕೇಳಿಸುತ್ತಿಲ್ಲ ಎಂದು ಇಟ್ಟುಬಿಡುತ್ತಿದ್ದರು. ನಿಜವಾಗಿ ಕೇಳಿಸುತ್ತಿರಲಿಲ್ಲವೋ ಏನೋ... ಆಗ ನಾನು ನಂಬಲಿಲ್ಲ.

ಆ ವರ್ಷ ಖಂಡೇಪೂಜೆಯ ದಿನ ನಡೆದದ್ದನ್ನು ನೆನೆದರೆ ಈಗಲೂ ಸಿಟ್ಟು, ನಗು ಎರಡೂ ಬರುತ್ತವೆ. ದಸರಾ ಎಂದು ಆಸ್ಪತ್ರೆಗೆ ಅರ್ಧ ದಿನ ರಜೆ. ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಹುಳು ಬಿತ್ತು. ಯೂನಿಯನ್ ಎಂದಿನಂತೆ ಕಲ್ಲಾಗಿತ್ತು. ಪಂಪು ನಿಲ್ಲಿಸಿದರೆ ಮೀನಿಗೆ ಗಾಳಿ ಇಲ್ಲ, ನಡೆಸಿದರೆ ನೆಲಕ್ಕೆ ನೀರು. ಫೋನು ಮಾಡಿದೆ. ಕಾಕಾ ಬಂದರು, ಪಾಪ, ಹಬ್ಬ ಬಿಟ್ಟು ಬಂದರು. ಹೊಸ ಪಂಚೆ, ಹಣೆಯಲ್ಲಿ ವಿಭೂತಿ, ಎರಡೂ ಕೈ ಖಾಲಿ.

"ಚೀಲ ಎಲ್ಲಿ ಅದರೀ?"

"ಪೂಜಿಗೆ ಇಟ್ಟೀನ್ರಿ. ಇವತ್ತ ಪಾನಾ ದೇವ್ರು. ನಾಳಿ ಬನ್ನಿ ಮುಡಿಯೋ ತನಕ ಮುಟ್ಟಂಗಿಲ್ಲ."

ನಾನು ಏನೇನು ಅಂದೆನೋ ನೆನಪಿಲ್ಲ. ಹುಳುವಿಗೆ ಹಬ್ಬ ಗೊತ್ತಿದೆಯೇ, ಮೀನಿಗೆ ದೇವರು ಗೊತ್ತಿದೆಯೇ, ಬಿಗಿದವರು ನೀವು, ಬಿಚ್ಚುವವರು ಯಾರು... ಕಾಕಾ ಎಲ್ಲ ಕೇಳಿಸಿಕೊಂಡು ಹಿತ್ತಲಿಗೆ ಹೋಗಿ ಬಟ್ಟೆ ಒಣಹಾಕುವ ಹಗ್ಗದ ಒಂದು ತುಂಡು, ಒಂದು ಕಟ್ಟಿಗೆ ತಂದರು. ಹಗ್ಗವನ್ನು ಯೂನಿಯನ್ನಿಗೆ ಮೂರು ಸುತ್ತು ಸುತ್ತಿ, ಅದರ ಕುಣಿಕೆಗೆ ಕಟ್ಟಿಗೆ ಸಿಗಿಸಿ, ಒಂದೇ ಸಲ ಎಳೆದರು. ಟಕ್ಕೆಂದು ಬಿಚ್ಚಿತು. ಕಬ್ಬಿಣ ಮುಟ್ಟಲಿಲ್ಲ, ದೇವರಿಗೆ ಅಪಚಾರವಾಗಲಿಲ್ಲ. ಹುಳುವನ್ನು ಅಂಗೈಯಲ್ಲಿ ಹಿಡಿದು ಅದು ಬದುಕಿದೆಯೇ ಎಂದು ಉಸಿರು ಬಿಗಿಹಿಡಿದು ನೋಡಿದರು. ಹುಳು ಮೀಸೆ ಹೊರಗೆ ಹಾಕಿದ ಮೇಲೆಯೇ ನೀರಿಗೆ ಬಿಟ್ಟರು. ಹೋಗುವಾಗ ಬರಿಗೈಯಿಂದಲೇ ಯೂನಿಯನ್ ತಿರುವಿ ಕೂರಿಸಿದರು. ಅವತ್ತು ಪಾನಾ ಇರಲಿಲ್ಲವಲ್ಲ!

ಹುಳು ಪೈಪಿಗೇ ಬೀಳದ ಹಾಗೆ ಜಾಲರಿ ಹಾಕಬೇಕು ಎಂಬುದು ಇಬ್ಬರಿಗೂ ಗೊತ್ತಿತ್ತು. ಯಾವ ಜಾಲರಿ ಎಂಬುದರಲ್ಲಿ ಆರು ತಿಂಗಳು ಹೋಯಿತು. ಕಾಕಾ ಮೊದಲು ಸೊಳ್ಳೆಪರದೆ ಕಟ್ಟಿದರು. ಅದರ ಸಣ್ಣ ಕಣ್ಣುಗಳಿಗೆ ಮೂರೇ ದಿನದಲ್ಲಿ ಪಾಚಿ ಮೆತ್ತಿಕೊಂಡು, ಹುಳುವಿನ ಸಹಾಯವೇ ಇಲ್ಲದೆ ನೀರು ಉಕ್ಕಿತು. ಆಮೇಲೆ ಮನೆಯಿಂದ ಚಹಾ ಸೋಸುವ ಜರಡಿ ತಂದರು. ಉಪ್ಪುನೀರಿಗೆ ಅದು ತುಕ್ಕು ಹಿಡಿದು ಕಂದು ನೀರು ಇಳಿಯತೊಡಗಿತು. ಮೂರನೇ ಸಲ ಬಂದವರು ಚೀಲದಿಂದ ಪತ್ರಿಕೆಯಲ್ಲಿ ಸುತ್ತಿದ ಪೊಟ್ಟಣ ತೆಗೆದು, ಬಿಚ್ಚಿ, ನನ್ನ ಮೇಜಿನ ಮೇಲೆ ಇಟ್ಟರು. ಹಳೆ ಮೋಟರಿನ ತಂತಿ ಸುಟ್ಟು, ತಿಕ್ಕಿ, ತಾವೇ ಕೂತು ಹೆಣೆದ ತಾಮ್ರದ ಜಾಲರಿ. ಕಣ್ಣುಗಳು ಎಷ್ಟು ಸಮನಾಗಿದ್ದವು! ಕೆಂಪಗೆ ಫಳಫಳ ಹೊಳೆಯುತ್ತಿತ್ತು.

"ತಾಮ್ರದ್ದು ಮಾಡೀನ್ರಿ. ಕುಡಿಯೋ ನೀರು ನಾವು ತಾಮ್ರದಾಗೇ ಇಡ್ತೀವಿ ನೋಡ್ರಿ. ಹುಳಕ್ಕೂ ಭಾಳ ಚಲೋ."

ಬಾಗಿಲ ತನಕ ರೋಗಿಗಳು ಕೂತಿದ್ದರು. ನಾನು ಅವರೆಲ್ಲರ ಮುಂದೆ ಕೂಗಾಡಿದೆ. ತಾಮ್ರ ಎಂದರೆ ಸಮುದ್ರದ ಹುಳುವಿಗೆ ವಿಷ, ಒಂದು ಚೂರು ಕರಗಿದರೂ ಎಲ್ಲ ಸಾಯುತ್ತವೆ, ಮೀನು ತಡೆದುಕೊಂಡಾವು, ಹುಳು ತಡೆಯುವುದಿಲ್ಲ. ಪುಸ್ತಕದಲ್ಲಿ ಓದಿದ್ದನ್ನೆಲ್ಲ ಪಾಠ ಒಪ್ಪಿಸಿದಂತೆ ಹೇಳಿದೆ. ಕಾಕಾ ಜಾಲರಿಯನ್ನು ಅದೇ ಪತ್ರಿಕೆಯಲ್ಲಿ ಮತ್ತೆ ಸುತ್ತಿ, ದಾರ ಕಟ್ಟಿ, ಚೀಲಕ್ಕೆ ಹಾಕಿಕೊಂಡರು. "ತಿಳೀಲಿಲ್ರಿ" ಎಂದಷ್ಟೇ ಹೇಳಿದರು.

ಕೊನೆಗೆ ಕೆಲಸಕ್ಕೆ ಬಂದದ್ದು ಬಹಳ ಸಾದಾ ವಸ್ತು. ಪೈಪಿನ ಬಾಯಿಗೆ ಹಾಕುವ ಪ್ಲಾಸ್ಟಿಕ್ ಮುಚ್ಚಳ. ಅದಕ್ಕೆ ಮೊಳೆ ಕಾಯಿಸಿ ಸುತ್ತಲೂ ತೂತು ಹಾಕಿದರು. ಹುಳು ತೂರಬಾರದು, ಪಾಚಿ ಕಟ್ಟಬಾರದು, ಆ ಅಳತೆ ಹುಡುಕಲು ತೊಟ್ಟಿಯಲ್ಲಿನ ಅತಿ ಚಿಕ್ಕ ಹುಳುವನ್ನು ಹಿಡಿದು ಮುಚ್ಚಳದ ಮೇಲೆ ಇಟ್ಟು ಇಟ್ಟು ನೋಡಿದರು. ಜೊತೆಗೆ ಒಂದು ಪೈಪು ಕಟ್ಟಿದರೆ ಇನ್ನೊಂದು ಇರಲಿ ಎಂದು ಸ್ವಲ್ಪ ಮೇಲೆ ಎರಡನೇ ಪೈಪು ಕೂರಿಸಿ ಅದಕ್ಕೂ ಅಂಥದೇ ಮುಚ್ಚಳ ಹಾಕಿದರು. ಗಣಿಯಲ್ಲಿ ಹಾಗೆಯೇ ಮಾಡುತ್ತಿದ್ದರಂತೆ. ಮುಚ್ಚಳವನ್ನು ವಾರಕ್ಕೊಮ್ಮೆ ತೆಗೆದು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುವುದು ನನ್ನ ಕೆಲಸವಾಯಿತು. ಆಮೇಲೆ ಏಳೆಂಟು ತಿಂಗಳು ಒಂದು ಹನಿ ನೀರು ನೆಲಕ್ಕೆ ಬೀಳಲಿಲ್ಲ. ಕಾಕಾ ಸೇಡಂಗೆ ಬೇರೆ ಕೆಲಸಕ್ಕೆ ಬಂದಾಗಲೂ ಸುಮ್ಮನೆ ಹಣಿಕಿ ನೋಡಿ ಹೋಗುತ್ತಿದ್ದರು. "ಹುಳ ಆರಾಮ ಅವ ಏನ್ರಿ?" ಎಂದು ಕೇಳುವುದು ರೂಢಿಯಾಗಿತ್ತು.

ಆ ಬೇಸಿಗೆ ನಮ್ಮ ಕಡೆಯ ಬೇಸಿಗೆಯೇ. ಬಾಗಿಲ ಹಿಡಿಕೆ ಮುಟ್ಟಿದರೆ ಕೈ ಸುಡುತ್ತಿತ್ತು. ತೊಟ್ಟಿಯ ನೀರು ಬೇಗ ಬೇಗ ಆರುತ್ತಿತ್ತು, ನಾನು ದಿನಕ್ಕೆ ಎರಡು ಸಲ ಲ್ಯಾಬಿನ ಹಂಡೆಯಿಂದ ತುಂಬುತ್ತಿದ್ದೆ. ಮೇ ತಿಂಗಳ ಒಂದು ಸೋಮವಾರ ಬಂದು ನೋಡಿದರೆ ಆಸ್ಪತ್ರೆಯ ನೆಲದ ತುಂಬ ನೀರು. ಹುಳುಗಳು ಸತ್ತಿದ್ದವು. ಒಂದೆರಡಲ್ಲ, ಎಲ್ಲವೂ. ಸತ್ತ ಹುಳುಗಳು ಗಾಜಿನ ಹಿಡಿತ ಬಿಟ್ಟು, ನೀರಿನ ಎಳೆತಕ್ಕೆ ಸಿಕ್ಕು, ಮೂಲೆಯ ಡಬ್ಬಿಗೆ ಸೇರಿ ಎರಡೂ ಮುಚ್ಚಳಗಳ ತೂತಿಗೆ ಕೊಳೆತು ಮೆತ್ತಿಕೊಂಡಿದ್ದವು. ಭಾನುವಾರ ಕೆಳಗಿನ ತೊಟ್ಟಿ ಬರಿದಾಗುವವರೆಗೂ ನೀರು ಉಕ್ಕಿತ್ತು. ಮೀನುಗಳು ಮಾತ್ರ ಅಂಚಿನವರೆಗೆ ತುಂಬಿದ ಮೇಲಿನ ತೊಟ್ಟಿಯಲ್ಲಿ ಅಡ್ಡಾಡುತ್ತಿದ್ದವು.

ಹುಳು ಸತ್ತಿದೆ, ಮೀನು ಬದುಕಿದೆ. ನನ್ನ ಝುವಾಲಜಿ ತಟ್ಟನೆ ಎದ್ದು ನಿಂತಿತು. ತೊಟ್ಟಿ ಕಳಿಸಿದ ಹೈದರಾಬಾದಿನವರು ಕೊಟ್ಟ ಪರೀಕ್ಷೆಯ ಡಬ್ಬಿ ತೆಗೆದು ನೀರಿಗೆ ಹನಿ ಹಾಕಿದೆ. ಬಣ್ಣ ತಿರುಗಿತು. ತಾಮ್ರ. ನಾನು ನೇರ ಸಾಹೇಬರ ಕೋಣೆಗೆ ಹೋದೆ. "ಸರ್, ನೀರಾಗ ತಾಮ್ರ ಅದ. ಕಾಕಾ ಹೋದ ವಾರ ಬಂದು ಕಪಾಟು ತೆಗೆದು ನೋಡಿ ಹೋಗ್ಯಾರ" ಎಂದೆ. ಅಷ್ಟು ಸಾಕಾಯಿತು. ಹೇಳುವಾಗ ನನಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಒಂಥರಾ ಸಮಾಧಾನವೇ ಇತ್ತು, ಯೂನಿಯನ್ ಬಿಗಿದ ಅಷ್ಟೂ ಸಲದ ಸಿಟ್ಟು ಅದರಲ್ಲಿ ತೀರಿತು.

ಕಾಕಾ ಮರುದಿನವೇ ಬಂದರು. ಸಾಹೇಬರು ಬಾಗಿಲಲ್ಲಿ ನಿಂತಿದ್ದರು, ನಾನು ಪಕ್ಕದಲ್ಲಿ. ಕಾಕಾ ಬಿಳಿ ಬೂದಿ ಎದ್ದ ಫರಸಿಯ ಮೇಲೆ ಕೂತು ಚೀಲವನ್ನು ತಲೆಕೆಳಗೆ ಮಾಡಿ ಸುರಿದರು. ಪಾನಾ, ಬ್ಲೇಡು, ಸಲ್ಯೂಷನ್ ಡಬ್ಬಿ, ಸುತಳಿ.

"ನೀವು ಬ್ಯಾಡ ಅಂದ ಮ್ಯಾಲ ನಾ ಹಾಕಿಲ್ರಿ ತಾಯಿ. ನೋಡ್ರಿ, ಪುರಾ ನೋಡ್ರಿ."

ಎಲ್ಲದರ ಕೊನೆಗೆ ಪತ್ರಿಕೆಯ ಪೊಟ್ಟಣವೂ ಬಿತ್ತು. ನಾನು ಅದನ್ನು ಎತ್ತಿ, "ಹಂಗಾದ್ರ ಇದು ಏನು?" ಎಂದೆ. ದಾರದ ಗಂಟು ಆ ದಿನ ಕಟ್ಟಿದ ಹಾಗೆಯೇ ಇತ್ತು. ಜಾಲರಿ ಒಳಗೇ ಇದೆ ಎಂದರೆ ತೊಟ್ಟಿಗೆ ಹಾಕಿಲ್ಲ ಎಂದೇ ಅರ್ಥವಲ್ಲವೇ? ಈಗ ಯಾರಿಗಾದರೂ ಹೊಳೆಯುತ್ತದೆ. ಅವತ್ತು ತಾಮ್ರ ಕಂಡದ್ದೇ ಸಾಕ್ಷಿಯಾಯಿತು. ಸಾಹೇಬರು ಇನ್ನು ಮುಂದೆ ಬರಬೇಡಿ ಎಂದು ಒಳಗೆ ಹೋದರು. ಕಾಕಾ ಸಾಮಾನುಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿಕೊಳ್ಳುವವರೆಗೂ ನಾನು ಅಲ್ಲೇ ನಿಂತಿದ್ದೆ.

ಮಾತು ಅಲ್ಲಿಗೆ ನಿಲ್ಲಲಿಲ್ಲ. ಆಸ್ಪತ್ರೆಯಿಂದ ಔಷಧಿ ಅಂಗಡಿಗೆ, ಅಲ್ಲಿಂದ ಚಹಾದಂಗಡಿಗೆ ಹೋಗುವಷ್ಟರಲ್ಲಿ ಹುಳು, ಮೀನು ಎಲ್ಲ ಕಳಚಿಬಿದ್ದು ಒಂದೇ ಸಂಗತಿ ಉಳಿಯಿತು: ಮಕ್ಕಳ ದವಾಖಾನೆಯ ನೀರಿಗೆ ವಿಷ ಹಾಕಿದ ಫಿಟ್ಟರ್. ಚಿತ್ತಾಪುರದಲ್ಲಿ ಕಾಕಾ ಹಿಡಿದಿದ್ದ ಒಂದು ಮನೆಯ ಕೆಲಸವನ್ನು ಅರ್ಧಕ್ಕೇ ಬಿಡಿಸಿದರಂತೆ. ಕುಡಿಯುವ ನೀರಿನ ಪೈಪು ಮುಟ್ಟುವವನ ಮೇಲೆ ಇಂಥ ಮಾತು ಬಂದರೆ ಮನೆಯೊಳಗೆ ಯಾರು ಬಿಟ್ಟುಕೊಳ್ಳುತ್ತಾರೆ? ಔಷಧಿ ಅಂಗಡಿಯವರು ಇದನ್ನೆಲ್ಲ ನನಗೆ ಹೇಳಿದರು. ನಾನು, ಅಷ್ಟೆಲ್ಲ ಅನ್ನಬಾರದಿತ್ತು ಬಿಡಿ ಎಂದು ಹೇಳಿ ಮಾತ್ರೆ ತೆಗೆದುಕೊಂಡು ಬಂದೆ.

ದೀಪಾವಳಿ ಕಳೆದ ಮೇಲೆ ಹೈದರಾಬಾದಿನಿಂದ ಹೊಸ ಹುಳುಗಳು ಬಂದವು. ತೊಟ್ಟಿ ತೊಳೆದಾಗಿತ್ತು, ನೀರು ಪೂರ್ತಿ ಹೊಸದು. ಪೈಪಿನ ಕಪಾಟಿಗೆ ನಾನು ಬೀಗ ಹಾಕಿದ್ದೆ. ಮೂರನೇ ವಾರಕ್ಕೆ ಹುಳುಗಳು ಗಾಜಿನಿಂದ ಉದುರತೊಡಗಿದವು. ಪರೀಕ್ಷೆ ಮಾಡಿದರೆ ಅದೇ ಬಣ್ಣ.

ಈ ಸಲ ದೂರಲು ಯಾರೂ ಇರಲಿಲ್ಲ. ಒಂದೊಂದೇ ಪರೀಕ್ಷೆ ಮಾಡಿದೆ. ಉಪ್ಪಿನಲ್ಲಿ ಇಲ್ಲ. ಶುದ್ಧ ನೀರಿನ ಯಂತ್ರದಿಂದ ಬೀಳುವ ನೀರಿನಲ್ಲಿ ಇಲ್ಲ. ಕೊನೆಗೆ ಲ್ಯಾಬಿನ ಮೂಲೆಯಲ್ಲಿ ನೀರು ತುಂಬಿಡುತ್ತಿದ್ದ ಹಂಡೆಯಿಂದ ಒಂದು ಲೋಟ ತಂದು ಹನಿ ಹಾಕಿದೆ. ನೋಡಿದರೆ ತೊಟ್ಟಿಯ ನೀರಿಗಿಂತ ಕಡುಬಣ್ಣ.

ತಾಮ್ರದ ಹಂಡೆ. ನಮ್ಮ ಮನೆಯದು. ಹಿಂದೆ ಇದ್ದ ಪ್ಲಾಸ್ಟಿಕ್ ಡ್ರಮ್ಮು ಆ ಬೇಸಿಗೆಯ ಶುರುವಿನಲ್ಲಿ ಸೀಳಿದಾಗ ಹೊಸದನ್ನು ತರುವವರೆಗೆ ಎಂದು ನಾನೇ ತಂದಿಟ್ಟಿದ್ದೆ. ನಮ್ಮ ಮನೆಯಲ್ಲಿ ಒಳ್ಳೆಯ ನೀರು ಎಂದರೆ ತಾಮ್ರದ ಹಂಡೆಯಲ್ಲೇ ಇರಬೇಕು. ಅವ್ವ ಹಾಗೆ ಇಟ್ಟಳು, ಅವಳ ಅತ್ತೆ ಹಾಗೆ ಇಟ್ಟಳು, ನಾನು ಯೋಚಿಸದೆ ಹಾಗೇ ಇಟ್ಟೆ. ಅಷ್ಟೇ ಅಲ್ಲ, ಅಮಾವಾಸ್ಯೆಗೊಮ್ಮೆ ಹುಣಸೆಹಣ್ಣು ಹಚ್ಚಿ ಒಳಗೂ ಹೊರಗೂ ತಿಕ್ಕಿ ಫಳಫಳ ಮಾಡುತ್ತಿದ್ದೆ. ಹಾಗೆ ತಿಕ್ಕಿದಷ್ಟೂ ತಾಮ್ರ ಹೆಚ್ಚು ಕರಗುತ್ತದೆ ಎಂದು ಎಂಟನೇ ತರಗತಿಯ ಹುಡುಗಿಗೂ ಗೊತ್ತು. ತಾಮ್ರ ವಿಷ ಎಂದು ಊರ ಮುಂದೆ ಕೂಗಿದವಳು ನಾನು, ದಿನಕ್ಕೆರಡು ಸಲ ಅದೇ ವಿಷವನ್ನು ಬಿಂದಿಗೆಯಲ್ಲಿ ಮೊಗೆದು ಸುರಿದವಳೂ ನಾನು. ನನ್ನ ಓದಿಗೆ ಬೆಂಕಿ ಬೀಳಲಿ.

ಮುಂದಿನ ಭಾನುವಾರ ವಾಡಿಗೆ ಹೋದೆ. ಗಾಡಿಯಲ್ಲಿ ಕೂತು ಹೇಳಬೇಕಾದ ಮಾತನ್ನು ಸಾಲಾಗಿ ಜೋಡಿಸಿಕೊಂಡೆ. "ಕಾಕಾ, ತಪ್ಪು ನಿಮ್ಮದಲ್ಲ, ನಂದು. ಸಾಹೇಬರಿಗೂ ಹೇಳ್ತೀನಿ, ಊರಿಗೂ ಹೇಳ್ತೀನಿ." ಚಿತ್ತಾಪುರ ಬರುವಷ್ಟರಲ್ಲಿ ಬಾಯಿಪಾಠವಾಗಿತ್ತು.

ಕಾಕಾ ಅಂಗಳದಲ್ಲಿ ಹೊರಸಿನ ಮೇಲೆ ಮಲಗಿದ್ದರು. ಎದೆಯಲ್ಲಿ ಗಣಿಯ ಧೂಳು ಕೂತು ಬಹಳ ದಿನದ ಕೆಮ್ಮಂತೆ, ಈಗ ಹೆಚ್ಚಾಗಿತ್ತು. ನನ್ನನ್ನು ಕಂಡು ಏಳಲು ಹೋದರು. "ಕುಂದ್ರಿ ತಾಯಿ, ಕುಂದ್ರಿ" ಎಂದು ಅವರ ಹೆಂಡತಿ ಒಂದು ಮಣೆ ಕೊಟ್ಟರು. "ಕೆಲಸಕ್ಕ ಯಾರೂ ಕರಿಯಂಗಿಲ್ರಿ ಈಗ" ಎಂದಷ್ಟೇ ಹೇಳಿ ಚಹಾ ಇಡಲು ಒಳಗೆ ಹೋದರು. ಅದರಲ್ಲಿ ನನ್ನ ಮೇಲಿನ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತೇನೋ...

ನಾನು ಬಾಯಿ ತೆರೆಯುವ ಮೊದಲೇ ಕಾಕಾ ಮಾತಾಡಿದರು.

"ಭಾಳ ವಿಚಾರ ಮಾಡೀನಿ ಯವ್ವಾ. ನೀವು ಅಂದಿದ್ದು ಖರೆ ಅದ. ಆ ಜಾಲರಿ ನನ್ನ ಚೀಲದಾಗೇ ಇತ್ತು. ಅದ ಕೈಲೆ ಪಾನಾ ಮುಟ್ಟೀನಿ, ಅದ ಪಾನಾದಲೆ ನಿಮ್ಮ ನಳ ಮುಟ್ಟೀನಿ. ಒಂದು ಚೂರು ಸಾಕು ಅಂದಿದ್ರಿ. ನನ್ನಿಂದ ಅಷ್ಟು ಹುಳ ಸತ್ತವು."

ಕಾಕಾ ಅಳುತ್ತಿರಲಿಲ್ಲ. ಲೆಕ್ಕ ಹಾಕಿ ಸೋರಿಕೆ ಎಲ್ಲಿದೆ ಎಂದು ಕಂಡುಹಿಡಿದ ಮೇಲೆ ಹೇಳುವ ಧಾಟಿಯಲ್ಲಿ ಹೇಳಿದರು. ಓದಿದ ಹೆಣ್ಣುಮಗಳು ತಪ್ಪು ಹೇಳಲಾರಳು ಎಂದು ನಂಬಿ, ಆರು ತಿಂಗಳು ಮಲಗಿದಲ್ಲೇ ಹುಡುಕಿ ಹುಡುಕಿ, ಇಲ್ಲದ ತಪ್ಪನ್ನು ತಮ್ಮ ಕೈಯಲ್ಲೇ ಕಂಡುಕೊಂಡಿದ್ದರು.

ಆಗ ಹೇಳಬೇಕಿತ್ತು. ಮಾತು ಬಾಯಲ್ಲೇ ಇತ್ತು. ನನಗೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಇಷ್ಟು ದಿನ ಇವರು ಪಟ್ಟದ್ದೆಲ್ಲ ಒಂದು ಹಂಡೆಗಾಗಿ ಎಂದು ಹೇಗೆ ಹೇಳುವುದು? ಹೇಳಿದರೆ ಅವರ ಮುಖ ಹೇಗಾದೀತು? ಅದಕ್ಕಿಂತ, ಆಮೇಲೆ ನನ್ನ ಮುಖವನ್ನು ನಾನು ಎಲ್ಲಿಡುವುದು? ನನ್ನ ಬಾಯಿಂದ ಬಂದದ್ದು ಬೇರೆಯೇ ಮಾತು.

"ಇರ್ಲಿ ಬಿಡ್ರಿ ಕಾಕಾ. ಆಗಿದ್ದು ಆತು."

ನನ್ನ ತಪ್ಪಿಗೆ ನಾನು ಅವರನ್ನು ಕ್ಷಮಿಸಿದೆ! ಕಾಕಾ ಎರಡೂ ಕೈ ಎತ್ತಿ ನನಗೆ ನಮಸ್ಕಾರ ಮಾಡಿದರು. ಅವರ ಹೆಂಡತಿ ಚಹಾ ತಂದುಕೊಟ್ಟರು, ಕುಡಿದೆ. ಹೊರಡುವಾಗ ಕಾಕಾ ಬೀದಿಯ ತಿರುವಿನವರೆಗೆ ಕಳಿಸಿಬರಲು ಎದ್ದರು, ನಾನೇ ಬೇಡ ಎಂದೆ.

ವಾಪಸು ಗಾಡಿಯಲ್ಲಿ ನನ್ನ ಮೇಲೆ ನನಗೇ ಎಷ್ಟು ಸಿಟ್ಟು ಬಂತೆಂದರೆ, ಬರುವ ಭಾನುವಾರವೇ ಮತ್ತೆ ಬಂದು ಹೇಳುತ್ತೇನೆ ಎಂದು ಆಣೆ ಹಾಕಿಕೊಂಡೆ. ಬರುವ ಭಾನುವಾರ ಮನೆಯಲ್ಲಿ ನೆಂಟರು. ಅದರ ಮುಂದಿನ ಭಾನುವಾರ ಜ್ವರ. ಆಮೇಲೆ ಸಂಕ್ರಾಂತಿ, ಆಮೇಲೆ ಏನೋ ಒಂದು. ಹಂಡೆಯನ್ನು ಮಾತ್ರ ಮರುದಿನವೇ ಮನೆಗೆ ಸಾಗಿಸಿ ಹೊಸ ಡ್ರಮ್ಮು ತಂದಿಟ್ಟೆ, ಯಾರೂ ಯಾಕೆ ಎಂದು ಕೇಳಲಿಲ್ಲ. ಶಿವರಾತ್ರಿ ಕಳೆದ ವಾರ ಕಾಕಾ ಅವರ ಹೆಂಡತಿ ಫೋನು ಮಾಡಿದರು. ಕಾಕಾ ತೀರಿಕೊಂಡು ಮೂರು ದಿನವಾಗಿತ್ತು. ಅವರ ಫೋನಿನಲ್ಲಿದ್ದ ಎಲ್ಲರಿಗೂ ಒಬ್ಬೊಬ್ಬರಂತೆ ತಿಳಿಸುತ್ತಿದ್ದರಂತೆ.

ಇಷ್ಟು ವರ್ಷ ಇದನ್ನು ಯಾರ ಮುಂದೆಯೂ ಬಿಚ್ಚಿರಲಿಲ್ಲ. ಹೋದ ಸೋಮವಾರ ಕೈ ತೊಳೆದುಕೊಂಡು, ಸೋಪು ಹಚ್ಚಿದ ಮೇಲೂ ಉಳಿದ ಆ ವಾಸನೆಯ ಸಮೇತ ಸಾಹೇಬರ ಕೋಣೆಗೆ ಹೋದೆ. "ಸರ್, ಫಿಟ್ಟರ್ ಕಾಕಾ ನೆನಪದಾರ ಏನ್ರಿ?" ಎಂದೆ. ಸಾಹೇಬರು ಚೀಟಿ ಬರೆಯುವುದು ನಿಲ್ಲಿಸಿ ಸ್ವಲ್ಪ ಯೋಚಿಸಿದರು. "ಯಾರು, ಆ ತಾಮ್ರ ಹಾಕಿದ ಮುದುಕ?" ಎಂದರು.

"ಅವರು ಹಾಕಿಲ್ರಿ ಸರ್. ನಾ ಹಾಕಿದ್ದು. ನಮ್ಮನಿ ಹಂಡೆ ತಾಮ್ರದ್ದಿತ್ತು."

ಸಾಹೇಬರು ನನ್ನನ್ನೇ ನೋಡಿದರು. "ಅದನ್ನ ಈಗ್ಯಾಕ ಹೇಳ್ಲಿಕತ್ತೀರಿ?" ಎಂದರು. ಸಿಟ್ಟಿನಿಂದಲ್ಲ, ನಿಜವಾಗಿಯೂ ಅರ್ಥವಾಗದೆ. ಹೊರಗೆ ಮಗುವೊಂದು ಅಳುತ್ತಿತ್ತು, ಮುಂದಿನವರನ್ನು ಕಳಿಸಿ ಎಂದರು. ಸಂಜೆ ಔಷಧಿ ಅಂಗಡಿಯವರಿಗೆ ಹೇಳಿದೆ. ಅವರಿಗೆ ವಿಷ ಹಾಕಿದ ಫಿಟ್ಟರ್ ಚೆನ್ನಾಗಿ ನೆನಪಿದ್ದರು, ನನ್ನ ಹಂಡೆಯ ಕಥೆಯನ್ನು ಗಿರಾಕಿ ಬಂದರೆಂದು ಅರ್ಧಕ್ಕೇ ಕೇಳಿ ಬಿಟ್ಟರು. ಚಹಾದಂಗಡಿಯವರು ಹೊಸಬರು, ಅವರಿಗೆ ಎರಡೂ ಗೊತ್ತಿಲ್ಲ.

ಇನ್ನೂ ಹೇಳುತ್ತೇನೆ, ಕೇಳುವವರು ಸಿಕ್ಕಲ್ಲೆಲ್ಲ ಹೇಳುತ್ತೇನೆ. ಅದರಿಂದ ಏನಾಗುತ್ತದೋ ಗೊತ್ತಿಲ್ಲ. ವಾಡಿಯ ಆ ಅಂಗಳದಲ್ಲಿ, ಚಹಾ ಕುದಿಯುವಷ್ಟು ಹೊತ್ತಿನಲ್ಲಿ ಒಬ್ಬರಿಗೆ ಹೇಳಿದ್ದರೆ ಸಾಕಾಗಿತ್ತು. ಹೇಳಲಿಲ್ಲ. ಆ ಹುಳುಗಳನ್ನೆಲ್ಲ ತಾವೇ ಕೊಂದದ್ದು ಎಂದುಕೊಂಡೇ ಕಾಕಾ ಹೋದರು.